ಒಂದು ದಿನದ ಹೋಳಿಗೆ ಸಾಲದು, ದಿನಾ ನಾಷ್ಟಾ ಕೇಳಿ

ಪ್ರಶ್ನೆ: ನಮ್ಮದು ಮುಧೋಳ ಕಡೆಯ ಸರ್ಕಾರಿ ಶಾಲೆ. ಕಬ್ಬಿನ ಹಂಗಾಮಿನಲ್ಲಿ ತಂದೆ-ತಾಯಿ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಮಕ್ಕಳು ಬರಿ ಹೊಟ್ಟೆಯಲ್ಲಿ ಶಾಲೆಗೆ ಬರುತ್ತಾರೆ. ಹತ್ತಿರದ ಸಕ್ಕರೆ ಕಾರ್ಖಾನೆ ಮತ್ತು ಒಂದು ಸೇವಾ ಸಂಸ್ಥೆ ಸಹಾಯ ಮಾಡುತ್ತೇವೆ ಅಂತಿವೆ. ಏನು ಕೇಳಬೇಕು, ಅಕ್ಕೋರೇ?
- ಒಬ್ಬ ಶಿಕ್ಷಕಿ, ಬಾಗಲಕೋಟೆ ಜಿಲ್ಲೆ

ಉತ್ತರ: ತಂಗಿ, ಕಾರ್ಖಾನೆಯವರು ಮೊದಲು ಹೇಳೋದು ಒಂದು ದಿನದ ಹೋಳಿಗೆ ಊಟ, ಒಂದಿಷ್ಟು ನೋಟ್‌ಬುಕ್. ಅದನ್ನು ಬೇಡ ಅನ್ನಬೇಡಿ, ಆದರೆ ಅಷ್ಟಕ್ಕೇ ಸುಮ್ಮನಾಗಲೂಬೇಡಿ. ನಿಮ್ಮ ಮಕ್ಕಳಿಗೆ ಬೇಕಾದದ್ದು ದಿನಾ ಬೆಳಿಗ್ಗೆ ನಾಷ್ಟಾ.

ಕಾರ್ಖಾನೆ ಕಂಪನಿಯೋ, ಸಹಕಾರಿಯೋ ವಿಚಾರಿಸಿ. ಕಂಪನಿಯಾಗಿದ್ದು, ಹಿಂದಿನ ವರ್ಷದ ಲಾಭ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, 2013ರ ಕಂಪನಿ ಕಾಯ್ದೆಯ ಪ್ರಕಾರ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಲೇಬೇಕು. ಸಿಎಸ್‌ಆರ್ ಅನ್ನೋದು ಇದನ್ನೇ. ಹಸಿವು, ಅಪೌಷ್ಟಿಕತೆ ನೀಗಿಸೋದು ಕಾಯ್ದೆ ಕೊಟ್ಟಿರೋ ಅಂಥ ಕೆಲಸಗಳ ಪಟ್ಟಿಯ ಮೊದಲ ಸಾಲಿನಲ್ಲೇ ಇದೆ. ಮತ್ತೆ ಸಂಕೋಚ ಯಾಕೆ? ಸಹಕಾರಿಯಾದರೆ ಆಡಳಿತ ಮಂಡಳಿಯನ್ನೇ ಕೇಳಬೇಕು. ಸೇವಾ ಸಂಸ್ಥೆಯ ಮೂಲಕ ಸಿಎಸ್‌ಆರ್ ಹಣ ಬರೋದಾದರೆ ಆ ಸಂಸ್ಥೆಗೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಮಾಡಿಸೋ ಸಿಎಸ್‌ಆರ್-1 ನೋಂದಣಿ ಇರಬೇಕು, ಆ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ರವೆ, ಎಣ್ಣೆ ಕೊಡುವವರು ಸಿಗುತ್ತಾರೆ. ಅಡುಗೆಯವರ ಕೂಲಿ ಕೊಡುವವರು ಸಿಗೋದು ಕಷ್ಟ. ನಾನು ನೌಕರಿಯಲ್ಲಿದ್ದಾಗ ಒಬ್ಬ ದಾನಿಗಳು ಚೀಲಗಟ್ಟಲೆ ರವೆ ಇಳಿಸಿದರು. ಬಿಸಿಯೂಟದ ಅಮ್ಮಂದಿರು ಬೆಳಕು ಹರಿಯುವಾಗಲೇ ಬರಬೇಕಾಯಿತು, ಪಗಾರ ಮಾತ್ರ ಅಷ್ಟೇ. ತಳ ಹಿಡಿದ ಉಪ್ಪಿಟ್ಟಿನ ಬೋಗುಣಿಯನ್ನು ತಿಕ್ಕಿ ತೊಳೆದು, ಅದರಲ್ಲೇ ಮತ್ತೆ ಮಧ್ಯಾಹ್ನದ ಬ್ಯಾಳಿಗೆ ನೀರಿಡಬೇಕು. ಪಾಪ, ಎಷ್ಟು ದಿನ ಮಾಡ್ತಾರೆ? ರವೆ ಮುಗಿಯೋದಕ್ಕೆ ಮೊದಲೇ ನಾಷ್ಟಾ ನಿಂತಿತು.

ಅದಕ್ಕೇ ಅವರ ಹೆಚ್ಚಿನ ಕೂಲಿ, ಸಿಲಿಂಡರ್, ಇನ್ನೊಂದು ದೊಡ್ಡ ಪಾತ್ರೆ ಇವನ್ನೆಲ್ಲ ಕರಾರಿನಲ್ಲೇ ಬರೆಸಿ. ಅವಧಿಯನ್ನೂ ಬರೆಸಿ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಸರ್ಕಾರದ ಜೊತೆ ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡಿತು. ಶಾಲೆ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಆರು ದಿನ ಸಿಗುವಂತಾದದ್ದು ಆಗಲೇ. ನೀವೂ ಮೂರು ವರ್ಷಕ್ಕೇ ಕೇಳಿ.

ತಿಂಡಿ ದೊಡ್ಡದು ಬೇಡ. ಕ್ಷೀರಭಾಗ್ಯದ ಹಾಲು 2013ರಿಂದ ಇದ್ದೇ ಇದೆ. ಅದರ ಜೊತೆಗೆ ಒಂದು ದಿನ ಚುರುಮರಿ ಸುಸಲಾ, ಇನ್ನೊಂದು ದಿನ ಅವಲಕ್ಕಿ. ಒಲೆಯ ಕೆಲಸ ಕಡಿಮೆ, ಮಕ್ಕಳಿಗೂ ಇಷ್ಟ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಒಪ್ಪಿಗೆ ಪಡೆಯಿರಿ. ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡುವ ಮೊದಲೇ ಇದೆಲ್ಲ ಮುಗಿದಿರಲಿ.