ಅಮೂರ್ತ ಬೀಜಗಣಿತವನ್ನು ಉರು ಹೊಡೆದು ಪಾಸಾಗಬಹುದೇ, ಅಥವಾ ಅದರ ಇತಿಹಾಸವನ್ನೂ ಓದಬೇಕೇ?

ಎಂ.ಎಸ್ಸಿ. ಮೊದಲ ಸೆಮಿಸ್ಟರ್, ಪರೀಕ್ಷೆಗೆ ಎರಡು ತಿಂಗಳು, ತಲೆಗೆ ಹತ್ತದ ಗ್ರೂಪ್ ಥಿಯರಿ: ನೀವು ಬರೆದ ನಾಲ್ಕು ಸಾಲು ಓದುತ್ತಿದ್ದಂತೆ ನನ್ನ ಹಾಸ್ಟೆಲ್ ಕೋಣೆಯೇ ಕಣ್ಣ ಮುಂದೆ ಬಂತು. ನಾನೂ ಉರು ಹೊಡೆದೇ ಪಾಸಾದವನು, ಒಳ್ಳೆಯ ಅಂಕಗಳೂ ಬಂದವು. ಆವೃತ ಗುಣ, ಸಹವರ್ತನೀಯ ಗುಣ, ಅನನ್ಯತಾಂಶ, ವಿಲೋಮಾಂಶ ಎಂಬ, ಗ್ರೂಪ್ ಎನಿಸಿಕೊಳ್ಳಲು ಒಂದು ಗಣವೂ ಅದರ ಕ್ರಿಯೆಯೂ ಪಾಲಿಸಬೇಕಾದ ನಾಲ್ಕು ನಿಯಮಗಳನ್ನೂ, ಲಗ್ರಾಂಜ್ ಪ್ರಮೇಯದ ಸಾಧನೆಯನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಅದರ ಬೆಲೆ ಎಷ್ಟೆಂದು ತಿಳಿದದ್ದು ಎರಡು ವರ್ಷಗಳ ನಂತರ, ಸಂಶೋಧನೆಗೆ ಸೇರಲು ಹೋದ ಸಂದರ್ಶನದಲ್ಲಿ.

ಅಲ್ಲಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು ಲಗ್ರಾಂಜ್ ಪ್ರಮೇಯವನ್ನು ಹೇಳಿಸಿದರು. ಸಬ್‌ಗ್ರೂಪಿನ (ಗ್ರೂಪಿನೊಳಗೇ ಇರುವ ಚಿಕ್ಕ ಗ್ರೂಪಿನ) ಅಂಶಗಳ ಸಂಖ್ಯೆ ಗ್ರೂಪಿನ ಅಂಶಗಳ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂದು ಹೇಳಿ, ಸಾಧನೆಯನ್ನೂ ತಡವರಿಸದೆ ಬರೆದೆ. ಅವರು ಒಂದು ಹಾಳೆಯ ಮೇಲೆ ಪಫ + ಬಭ (ಪ, ಫಗಳ ಗುಣಲಬ್ಧಕ್ಕೆ ಬ, ಭಗಳ ಗುಣಲಬ್ಧ ಕೂಡಿಸಿದ್ದು) ಎಂದು ಬರೆದು, "ಈ ನಾಲ್ಕು ಅಕ್ಷರಗಳನ್ನು ಬೇಕಾದ ಹಾಗೆ ಅದಲುಬದಲು ಮಾಡಿ, ಎಷ್ಟು ಬೇರೆ ಬೇರೆ ಬೆಲೆಗಳು ಬರುತ್ತವೆ ನೋಡಿ" ಎಂದರು. ನಾಲ್ಕು ಅಕ್ಷರಗಳಿಗೆ 24 ಕ್ರಮಯೋಜನೆಗಳು. ಹಾಗಾಗಿ ನಾನು 24 ಎಂದೆ. ಅವರು ಸುಮ್ಮನಿದ್ದರು. ನಾನು 12 ಎಂದೆ. ಆ ವರ್ಷ ನನಗೆ ಸೀಟು ಸಿಗಲಿಲ್ಲ.

ಉತ್ತರ ಮೂರು. ಪಫ + ಬಭ, ಪಬ + ಫಭ, ಪಭ + ಫಬ, ಇಷ್ಟೇ. ಪ ಮತ್ತು ಫ ಸ್ಥಳ ಬದಲಾಯಿಸಿಕೊಂಡರೆ ಏನೂ ಆಗದು. ಬ ಮತ್ತು ಭ ಬದಲಾದರೂ ಅಷ್ಟೇ. ಎರಡು ಜೋಡಿಗಳೇ ಪರಸ್ಪರ ಅದಲುಬದಲಾದರೂ ಮೊತ್ತ ಹಾಗೆಯೇ ಉಳಿಯುತ್ತದೆ. ಹೀಗೆ ಮೊದಲ ಬೆಲೆಯನ್ನು ಅಲುಗಿಸದ ಕ್ರಮಯೋಜನೆಗಳು ಒಟ್ಟು ಎಂಟು, ಅದೇ ಸಬ್‌ಗ್ರೂಪ್. ಅದನ್ನು ಎರಡನೆಯ ಬೆಲೆಗೆ ಒಯ್ಯುವವು ಇನ್ನೆಂಟು, ಮೂರನೆಯದಕ್ಕೆ ಒಯ್ಯುವವು ಮತ್ತೆಂಟು, ಇವು ಕೋಸೆಟ್‌ಗಳು. ಎಂಟೆಂಟರ ಮೂರು ರಾಶಿ, ಒಟ್ಟು 24. ನಾನು ಐದು ನಿಮಿಷ ಮೊದಲು ಅದೇ ಮೇಜಿನ ಮೇಲೆ ಬರೆದುಕೊಟ್ಟ ಸಾಧನೆ ಇದೇ ಆಗಿತ್ತು, ಮತ್ತು ನನಗೆ ಅದರ ಗುರುತು ಹತ್ತಲಿಲ್ಲ.

ನನ್ನ ತಪ್ಪು ಯಾವುದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಅದನ್ನು ಬಹಳ ಕಾಲ ನಾನೇ ತಪ್ಪಾಗಿ ತಿಳಿದಿದ್ದೆ. ಬಾಯಿಪಾಠ ಮಾಡಿದ್ದು ತಪ್ಪಲ್ಲ. ಮಗ್ಗಿಯನ್ನೂ ನಾವು ಬಾಯಿಪಾಠವೇ ಮಾಡಿದ್ದೇವೆ. ಪ್ರತಿ ಪ್ರಮೇಯದ ಕೆಳಗೆ ಅಚ್ಚಾಗಿದ್ದ ಉದಾಹರಣೆಗಳನ್ನು "ಪರೀಕ್ಷೆಗೆ ಬರುವುದಿಲ್ಲ" ಎಂದು ದಾಟಿಕೊಂಡು ಹೋದದ್ದು ತಪ್ಪು. 24 ಕ್ರಮಯೋಜನೆಗಳನ್ನು ಒಂದು ಸಲವೂ ಕೈಯಾರೆ ಬರೆಯಲಿಲ್ಲ. ಅದಕ್ಕೆ ಬೇಕಾದದ್ದು ಅರ್ಧ ಗಂಟೆ, ಆ ಅರ್ಧ ಗಂಟೆಯಲ್ಲಿ ಇನ್ನೊಂದು ಪ್ರಮೇಯ ಮುಗಿಸಬಹುದೆಂದು ಲೆಕ್ಕ ಹಾಕಿದ್ದೆ. ಗ್ರೂಪಿನ ಅಂಶಗಳು ಯಾವುದೋ ಒಂದರ ಮೇಲೆ ಏನನ್ನೋ ಮಾಡುತ್ತವೆ ಎಂಬ ಯೋಚನೆಯೇ ನನಗೆ ಬಂದಿರಲಿಲ್ಲ. ಅವು ನನಗೆ ನಾಲ್ಕು ನಿಯಮ ಪಾಲಿಸುವ ಅಕ್ಷರಗಳು ಮಾತ್ರ ಆಗಿದ್ದವು.

ಆದ್ದರಿಂದ ಉರು ಹೊಡೆಯುವುದೋ ಇತಿಹಾಸ ಓದುವುದೋ ಎಂಬ ನಿಮ್ಮ ಆಯ್ಕೆಯನ್ನೇ ನಾನು ಒಪ್ಪುವುದಿಲ್ಲ. ಈ ವಿಷಯದಲ್ಲಿ ಇತಿಹಾಸವೆಂದರೆ ಹೆಸರು ಮತ್ತು ಇಸವಿಗಳ ಪಟ್ಟಿಯಲ್ಲ, ನೀವು ದಾಟಿಹೋಗುತ್ತಿರುವ ಆ ಉದಾಹರಣೆಗಳೇ. ಲಗ್ರಾಂಜ್ 1770ರ ಸುಮಾರಿಗೆ ಬರ್ಲಿನ್ನಿನಲ್ಲಿ ಕುಳಿತು ಕೇಳಿಕೊಂಡ ಪ್ರಶ್ನೆ ಗ್ರೂಪಿನದಲ್ಲ. ಆ ಪದವೇ ಆಗ ಗಣಿತದಲ್ಲಿರಲಿಲ್ಲ. ಘನ ಸಮೀಕರಣವನ್ನೂ ನಾಲ್ಕನೆಯ ಘಾತದ ಸಮೀಕರಣವನ್ನೂ ಬಿಡಿಸುವ ಸೂತ್ರಗಳು 1545ರಲ್ಲಿ ಇಟಲಿಯ ಗಣಿತಜ್ಞ ಕಾರ್ಡಾನೊನ ಗ್ರಂಥದಲ್ಲಿಯೇ ಅಚ್ಚಾಗಿದ್ದವು. ಅವು ಏಕೆ ಫಲಿಸುತ್ತವೆ, ಐದನೆಯ ಘಾತಕ್ಕೆ ಅಂಥದ್ದು ಏಕೆ ಸಿಗುತ್ತಿಲ್ಲ ಎಂಬುದು ಲಗ್ರಾಂಜನ ಪ್ರಶ್ನೆ. ನಾಲ್ಕನೆಯ ಘಾತದ ನಾಲ್ಕು ಮೂಲಗಳನ್ನು ಪ, ಫ, ಬ, ಭ ಎನ್ನಿ. ಪಫ + ಬಭ ಮೂರೇ ಬೆಲೆಗಳನ್ನು ತಳೆಯುವುದರಿಂದ ಅದು ಒಂದು ಘನ ಸಮೀಕರಣದ ಮೂಲವಾಗುತ್ತದೆ. ಘನ ಸಮೀಕರಣವನ್ನು ಬಿಡಿಸುವುದು ನಮಗೆ ಗೊತ್ತಿದೆ, ಆದ್ದರಿಂದ ನಾಲ್ಕನೆಯದೂ ಬಿಡುತ್ತದೆ. ಐದಕ್ಕೆ ಇದೇ ದಾರಿ ಹಿಡಿದಾಗ ಸಹಾಯಕ ಸಮೀಕರಣದ ಘಾತ ಇಳಿಯುವ ಬದಲು ಆರಕ್ಕೆ ಏರಿತು. ಸಾಮಾನ್ಯ ಸೂತ್ರ ಅಲ್ಲಿ ಅಸಾಧ್ಯವೆಂದು ನಾರ್ವೆಯ ಗಣಿತಜ್ಞ ಆಬೆಲ್ 1824ರಲ್ಲಿ ತೋರಿಸಿದ. ಯಾವ ಸಮೀಕರಣ ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂಬುದನ್ನು ಮೂಲಗಳ ಕ್ರಮಯೋಜನೆಗಳಿಂದಲೇ ನಿರ್ಧರಿಸಿದ ಫ್ರಾನ್ಸಿನ ಗಾಲ್ವಾ 1832ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಅವನ ಬರಹ ಅಚ್ಚಾದದ್ದು 1846ರಲ್ಲಿ. ಇಂಗ್ಲೆಂಡಿನ ಗಣಿತಜ್ಞ ಕೇಲಿ ಗ್ರೂಪಿಗೆ ಅಮೂರ್ತ ವ್ಯಾಖ್ಯೆ ಕೊಡಲು ಹೊರಟದ್ದು 1854ರಲ್ಲಿ. ಅಂದರೆ ನಿಮ್ಮ ಪುಸ್ತಕದ ಮೊದಲ ಪುಟದಲ್ಲಿರುವುದು ಎಂಬತ್ತು ವರ್ಷಗಳ ಕೆಲಸದ ಕೊನೆಗೆ ಬಂದದ್ದು. ಅದು ನಿಮಗೆ ಅರ್ಥವಾಗದಿದ್ದರೆ ಕೊರತೆ ನಿಮ್ಮ ಬುದ್ಧಿಯದಲ್ಲ.

ನಮ್ಮ ಕಡೆಯ ಒಂದು ಮಾತನ್ನೂ ಇಲ್ಲಿ ಸೇರಿಸುತ್ತೇನೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬರೆದಿದ್ದಾನೆ. ಏಳು ಶತಮಾನಗಳ ನಂತರ, 1572ರಲ್ಲಿ, ಇಟಲಿಯ ಗಣಿತಜ್ಞ ಬೊಂಬೆಲ್ಲಿಗೆ ಆ ಇಲ್ಲದ ಮೂಲವೇ ಬೇಕಾಯಿತು. ಒಂದು ಸಂಖ್ಯೆಯ ಘನವು ಅದರ ಹದಿನೈದರಷ್ಟಕ್ಕೆ ನಾಲ್ಕು ಕೂಡಿಸಿದಷ್ಟಿದೆ ಎಂಬ ಸಮೀಕರಣಕ್ಕೆ 4 ಉತ್ತರವೆಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಕಾರ್ಡಾನೊನ ಸೂತ್ರ ಅಲ್ಲಿಗೆ ಹೋಗುವುದು −121ರ ವರ್ಗಮೂಲವನ್ನು ಹಾದು. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದವನಿಗೆ ಸಂಕೀರ್ಣ ಸಂಖ್ಯೆಗಳ ಅಗತ್ಯವನ್ನು ಯಾರೂ ವಾದಿಸಿ ಒಪ್ಪಿಸಬೇಕಾಗಿಲ್ಲ.

ಎರಡು ತಿಂಗಳು ಕಡಿಮೆಯೇನಲ್ಲ. ಇಂದು ಸಂಜೆ 24 ಕ್ರಮಯೋಜನೆಗಳನ್ನೂ ಬರೆದು, ಪಫ + ಬಭವನ್ನು ಬದಲಿಸದ ಎಂಟಕ್ಕೆ ಗುರುತು ಹಾಕಿ, ಉಳಿದ ಹದಿನಾರನ್ನು ಎರಡು ರಾಶಿ ಮಾಡಿ. ಆಮೇಲೆ ಪುಸ್ತಕ ತೆರೆದು ಕೋಸೆಟ್ ಅಧ್ಯಾಯವನ್ನು ಓದಿ. ಪಠ್ಯದಲ್ಲಿ ರಿಂಗ್ (ಕೂಡುವ, ಗುಣಿಸುವ ಎರಡೂ ಕ್ರಿಯೆಗಳಿರುವ ರಚನೆ) ಮತ್ತು ಐಡಿಯಲ್ (ರಿಂಗಿನೊಳಗಿನ ಒಂದು ವಿಶೇಷ ಉಪಗಣ) ಬಂದಾಗಲೂ ವ್ಯಾಖ್ಯೆಯಿಂದ ಆರಂಭಿಸಬೇಡಿ. 6 ಎಂಬುದು 2 × 3 ಕೂಡ ಹೌದು, (1 + √−5)(1 − √−5) ಕೂಡ ಹೌದು ಎಂಬುದನ್ನು ಗುಣಿಸಿ ನೋಡಿ, ಅವಿಭಾಜ್ಯ ಅಪವರ್ತನಗಳು ಒಂದೇ ರೀತಿಯಲ್ಲಿ ಸಿಗುತ್ತವೆ ಎಂದು ಶಾಲೆಯಲ್ಲಿ ಕಲಿತ ನಂಬಿಕೆ ಎಲ್ಲಿ ಮುರಿಯುತ್ತದೆ ಎಂದು ಒಂದು ಸಂಜೆ ಹುಡುಕಿ. ಜರ್ಮನಿಯ ಗಣಿತಜ್ಞ ಡೆಡೆಕಿಂಡ್ ಐಡಿಯಲ್‌ಗಳನ್ನು ತಂದದ್ದು ಆ ಮುರಿದದ್ದನ್ನು ಸರಿಪಡಿಸಲು.