ಫ್ಯಾನಿನ ರೆಕ್ಕೆಯ ಮೇಲಿನ ಹೆಸರು

ಪತ್ರ: ‘ಇಪ್ಪತ್ತೆಂಟು ವರ್ಷ ಕುವೈತಿನಲ್ಲಿ ದುಡಿದು ಊರಿಗೆ ಬಂದಿದ್ದೇನೆ. ಮನೆ ಕಟ್ಟಿದೆ, ಅಡಿಕೆ ತೋಟ ಉಂಟು, ನಮ್ಮ ಇಗರ್ಜಿಗೆ ಆರು ಫ್ಯಾನ್ ಕೊಟ್ಟೆ. ಆದರೂ ಮನಸ್ಸಿಗೆ ಸಂತೋಷ ಇಲ್ಲ. ಫಾದರ್ ಪ್ರಸಂಗದಲ್ಲಿ, ತಗ್ಗಿ ಬಾಳಿ, ನಿಜವಾದ ಸಂತೋಷ ಅದರಲ್ಲೇ ಇರುವುದು ಅನ್ನುತ್ತಾರೆ. ಇದು ಹಣ ಇಲ್ಲದವರನ್ನು ಸಮಾಧಾನ ಮಾಡುವ ಮಾತಲ್ವಾ?’
– ಬದಿಯಡ್ಕ ಕಡೆಯ ಓದುಗರು

ಉತ್ತರ: ಮಾರಾಯ್ರೆ, ನಾನು ಕ್ರೈಸ್ತನಲ್ಲ. ಇದನ್ನು ನಿಮ್ಮ ಫಾದರನ್ನೇ ಕೇಳಬಹುದಿತ್ತು. ಆದರೆ ನೀವು ನನ್ನ ಮರ್ಮಕ್ಕೇ ಕೈ ಹಾಕಿದ್ದೀರಿ, ಹಾಗಾಗಿ ಈ ತಿಂಗಳು ಉಳಿದ ಪತ್ರಗಳಿಗೆ ಜಾಗ ಇಲ್ಲ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ಹಣ ಬೇಕು. ಬೇಳದ ಶೋಕಮಾತೆಯ ಇಗರ್ಜಿ 1890ರಷ್ಟು ಹಳೆಯದು, ಅದು ಬರೀ ಜಪಸರದ ಬಲದಿಂದ ಎದ್ದು ನಿಂತದ್ದಲ್ಲ. ಕಲ್ಲಿಗೆ, ಕೂಲಿಗೆ ಯಾರೋ ಕೊಟ್ಟಿದ್ದಾರೆ. ಬೇಸಗೆಯಲ್ಲಿ ಫ್ಯಾನ್ ಇಲ್ಲದೆ ಪೂಜೆಗೆ ಕೂರುವ ಕಷ್ಟವೂ ಗೊತ್ತು, ನಿಮ್ಮವರ ಮದುವೆಗಳಿಗೆ ಬಂದು ಬೆವತಿದ್ದೇನೆ. ಅಷ್ಟು ಸಾಕು.

ಈಗ ಆ ಫ್ಯಾನ್. ನಿಮ್ಮ ಪತ್ರ ನಾಲ್ಕು ಪುಟ (ಮೇಲಿರುವುದು ನಾನು ಕತ್ತರಿಸಿದ್ದು), ಅದರಲ್ಲಿ ಫ್ಯಾನ್ ಐದು ಸಲ ಬಂದಿದೆ. ರೆಕ್ಕೆಯ ಮೇಲೆ ಕೆಂಪು ಬಣ್ಣದಲ್ಲಿ ಹೆಸರು ಬರೆಸಿದ್ದೂ ಬಂದಿದೆ. ಫ್ಯಾನ್ ತಿರುಗುವಾಗ ಆ ಹೆಸರು ಯಾರಿಗೂ ಕಾಣುವುದಿಲ್ಲ. ಕರೆಂಟು ಹೋಗಿ ಜನ ಬೆವರುತ್ತಾ ಮೇಲೆ ನೋಡಿದಾಗಲೇ ಕಾಣುವುದು!

ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ತೆಗೆಯಿರಿ. ದಾನ ಕೊಡುವಾಗ ತುತ್ತೂರಿ ಊದಿಸಬೇಡ, ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಏಸು ಹೇಳುತ್ತಾನೆ. ಒಂದು ಪುಟ ಹಿಂದೆ ಹೋದರೆ ‘ಧನ್ಯರು, ಧನ್ಯರು’ ಎಂದು ಬರುತ್ತದಲ್ಲ, ಅಲ್ಲಿರುವ ಗ್ರೀಕ್ ಪದ ಮಕಾರಿಯೊಸ್. ಅದಕ್ಕೆ ಸುಖಿ ಎಂಬ ಅರ್ಥವೂ ಉಂಟು. ಧನ್ಯ ಅಂದರೆ ನಮಗೆ ಹಾರ, ಶಾಲು ನೆನಪಾಗುತ್ತದೆ. ಸುಖಿ ಅಂತ ಓದಿ ನೋಡಿ. ದೀನರು ಮುಂದೆಂದೋ ಸುಖಿಗಳಾಗುತ್ತಾರೆ ಎಂದಲ್ಲ, ಈಗಲೇ ಸುಖಿಗಳು. ಸಮಾಧಾನದ ಮಾತು ಹೀಗಿರುತ್ತದಾ? ಹೇಳಿದವನು ಕೊನೆಯ ಊಟದ ರಾತ್ರಿ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದವನು. ಆಗ ಅದು ಮನೆಯ ಆಳು ಮಾಡುವ ಕೆಲಸ.

ನಾನು ಇದನ್ನು ಕಣ್ಣಾರೆ ನೋಡಿದ್ದು ಒಂದು ಆಸ್ಪತ್ರೆಯಲ್ಲಿ. ದೊಡ್ಡ ಕಾಯಿಲೆ ಅಂದರೆ ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಮಂಗಳೂರೇ ಗತಿ. ಅಮ್ಮನ ಪಕ್ಕದ ಮಂಚದಲ್ಲಿ ಪಾರ್ಶ್ವವಾಯು ಆದವರೊಬ್ಬರಿದ್ದರು, ಅವರನ್ನು ನೋಡಿಕೊಳ್ಳಲು ಹೆಂಡತಿ, ನಮ್ಮ ಕುಂಬಳೆ ಕಡೆಯ ಬಾಯಮ್ಮ (ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಕರೆಯುವುದು ಹಾಗೆ). ಬಿಸಿನೀರು ಸಿಗುವುದು ಕೆಳಗಿನ ಕ್ಯಾಂಟೀನಿನಲ್ಲಿ, ನಾವು ಮೂರನೇ ಮಹಡಿಯಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ವಾರ್ಡಿನ ಎಲ್ಲರ ಫ್ಲಾಸ್ಕುಗಳನ್ನು ಎರಡೂ ಕೈಯಲ್ಲಿ, ಕಂಕುಳಲ್ಲಿ ಹಿಡಿದು ಅವರು ಮೆಟ್ಟಿಲಿಳಿಯುತ್ತಿದ್ದರು. ಯಾರ ಹೆಸರೂ ಅವರಿಗೆ ಗೊತ್ತಿರಲಿಲ್ಲ, ಮುಚ್ಚಳದ ಬಣ್ಣ ಗೊತ್ತಿತ್ತು. ನಾನು ‘ಹಸಿರು ಮುಚ್ಚಳ’. ಮೊದಲ ದಿನ ಹತ್ತು ರೂಪಾಯಿ ಕೊಡಲು ಹೋದೆ, ನಕ್ಕುಬಿಟ್ಟರು. ನನ್ನದು ಸಂಪಾದಕನ ಬುದ್ಧಿ ಅಲ್ವಾ, ನಿಮ್ಮ ಬಗ್ಗೆ ಬರೆಯುತ್ತೇನೆ ಅಂದೆ. ‘ಬೇಡ ಮಾರಾಯ್ರೆ, ಪೇಪರಲ್ಲಿ ಬಂದ್ರೆ ನಾಳೆಯಿಂದ ನನ್ನನ್ನೇ ನಾನು ನೋಡ್ಕೊಂಡು ನಡೀಬೇಕಾಗ್ತದೆ, ಮೆಟ್ಟಿಲಲ್ಲಿ ಬಿದ್ರೆ?’ ಅಂದರು. ಅವರ ಗಂಡ ಉಳಿಯಲಿಲ್ಲ. ನಗುವುದಕ್ಕೆ ಕಾರಣಗಳಿದ್ದ ಬದುಕೇ ಅಲ್ಲ ಅದು, ಆದರೂ ಆ ವಾರ್ಡಿನಲ್ಲಿ ನಗುತ್ತಿದ್ದವರು ಅವರೊಬ್ಬರೇ. (ಹೆಸರು ಹಾಕಿಲ್ಲ ಬಾಯಮ್ಮ, ಕ್ಷಮಿಸಿ.)

ಆಮೇಲೆ ಬ್ರದರ್ ಲಾರೆನ್ಸ್ ಬಗ್ಗೆ ಓದಿದಾಗ ನನಗೆ ಆ ಫ್ಲಾಸ್ಕುಗಳೇ ಕಣ್ಣಿಗೆ ಬಂದವು. ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿದ್ದವನು, ಕಾಲು ಕುಂಟು, ಅಡುಗೆಮನೆಯ ಕೆಲಸ ಅವನಿಗೆ ಇಷ್ಟವೇ ಇರಲಿಲ್ಲ, ಆದರೂ ವರ್ಷಗಟ್ಟಲೆ ಅಲ್ಲೇ ದುಡಿದ, ಆಮೇಲೆ ಮಠದವರ ಚಪ್ಪಲಿ ಹೊಲಿದ. ಪಾತ್ರೆಗಳ ಗಲಾಟೆಯ ನಡುವೆಯೂ ದೇವರು ಪಕ್ಕದಲ್ಲೇ ಇದ್ದಾನೆ ಅನ್ನುತ್ತಿದ್ದ. 1691ರಲ್ಲಿ ತೀರಿಕೊಂಡ. ಅವನ ಪತ್ರ, ಮಾತುಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದು ಬೇರೆಯವರು. ಮಠ ಸೇರುವಾಗ ಹುಟ್ಟಿದ ಹೆಸರನ್ನೂ ಬಾಗಿಲಲ್ಲೇ ಬಿಟ್ಟಿದ್ದ.

ಹಿಂದೂ ಸಂಪಾದಕನಿಗೆ ಇದೆಲ್ಲ ಯಾಕೆ ಅನ್ನಬೇಡಿ. ಏಸುವಿನ ಕೊನೆಯ ದಿನದ ಮೇಲೆ ಕನ್ನಡದಲ್ಲಿ ‘ಗೊಲ್ಗೊಥಾ’ ಬರೆದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಕರೆಯಿತು.

ಈಗಿನ ಕವಿಗಳಿಗೆ ಸರಕಾರ ಕರೆಯುವವರೆಗೆ ಕಾಯಲು ಪುರುಸೊತ್ತಿಲ್ಲ. ಒಂದು ಪುಟದ ಕವನ, ಜೊತೆಗೆ ಮೂರು ಫೋಟೋ, ‘ದೊಡ್ಡದಾಗಿ ಹಾಕಿ’ ಎಂಬ ಚೀಟಿ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಕೂರುವ ಜಾಗಕ್ಕಿಂತ ಕೊಟ್ಟವರ ಹೆಸರು ಜಾಸ್ತಿ. ಮಂಜೇಶ್ವರ ಹೋಗಿ ಮಲಯಾಳದ ಮಂಜೇಶ್ವರಂ ಆಗುತ್ತಿದ್ದರೂ ಒಂದು ಕಾರ್ಡು ಗೀಚದ ನಮ್ಮ ಕನ್ನಡಿಗರು, ಸನ್ಮಾನದ ಫ್ಲೆಕ್ಸಿನಲ್ಲಿ ತಮ್ಮ ಇನಿಶಿಯಲ್ ತಪ್ಪಿದರೆ ರಾತ್ರಿ ಹತ್ತಕ್ಕೆ ಫೋನ್ ಮಾಡುತ್ತಾರೆ. ಊರಿನ ಹೆಸರು ಯಾರಿಗೂ ಬೇಡ, ತಮ್ಮದು ಮಾತ್ರ ಬೇಕು. ಇರಲಿ, ಎಲ್ಲಿಗೋ ಹೋದೆ.

ನಿಮ್ಮನ್ನು ಸುಮ್ನೆ ಬೈದು ಕಳಿಸುವುದಿಲ್ಲ. ಮೂರನೇ ಪುಟದ ಕೊನೆಗೆ ನೀವೇ ಒಂದು ಸಾಲು ಬರೆದಿದ್ದೀರಿ, ಮರೆತಿರಬೇಕು. ಪಕ್ಕದ ಮನೆಯ ಅಜ್ಜನನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕಾರಿನಲ್ಲಿ ಕರೆದೊಯ್ಯುತ್ತೀರಿ, ಅವರು ದಾರಿಯುದ್ದಕ್ಕೂ ಯಕ್ಷಗಾನದ ಪದ ತಪ್ಪು ತಪ್ಪಾಗಿ ಹೇಳುತ್ತಾರೆ, ‘ನಗು ತಡೆಯಲಿಕ್ಕೆ ಆಗುವುದಿಲ್ಲ’. ನಾಲ್ಕು ಪುಟದಲ್ಲಿ ನೀವು ನಕ್ಕದ್ದು ಅಲ್ಲಿ ಮಾತ್ರ. ಆ ಕಾರಿನ ಮೇಲೆ ಹೆಸರು ಬರೆಸಿಲ್ಲ ತಾನೇ?

ಪತ್ರದ ಜೊತೆ ನೀವು ಪತ್ರಿಕೆಗೆ ಕಳಿಸಿದ ಸಾವಿರ ರೂಪಾಯಿ ಬಂದಿದೆ, ಉಪಕಾರ. ದಾನಿಗಳ ಪಟ್ಟಿ ಮುಂದಿನ ತಿಂಗಳು ಅಚ್ಚಾಗುತ್ತದೆ. ನಿಮ್ಮ ಹೆಸರು ಹಾಕಬೇಕಾ ಬೇಡವಾ, ಇಪ್ಪತ್ತನೇ ತಾರೀಕಿನೊಳಗೆ ಒಂದು ಕಾರ್ಡು ಬರೆದು ತಿಳಿಸಿ.