ಓದುಗರ ಪ್ರಶ್ನೆ: ಮಳಖೇಡದಲ್ಲಿ ಅಮೋಘವರ್ಷನ ಅರಮನೆ ಎಲ್ಲಿದೆ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಬರುವ ಡಿಸೆಂಬರಿನಲ್ಲಿ ಇಪ್ಪತ್ತು ಮಕ್ಕಳನ್ನು ಮಳಖೇಡಕ್ಕೆ ಕರೆದೊಯ್ದು, ಕಾಗಿಣಾ ದಂಡೆಯ ಹಳೆಯ ಊರನ್ನು ನಡೆದೇ ತೋರಿಸಬೇಕೆಂದಿದ್ದೇನೆ. ಹಿಂದೊಮ್ಮೆ ಹೋದಾಗ ಒಬ್ಬ ಹುಡುಗ, ‘ಅಮೋಘವರ್ಷನ ಅರಮನೆ ಯಾವುದು?’ ಎಂದು ಕೇಳಿದ. ಉತ್ತರ ಹೇಳಲಾಗದೆ ಮರಳಿದೆ. ಎಲ್ಲಿಂದ ಆರಂಭಿಸಿ ಏನನ್ನು ತೋರಿಸಲಿ?
— ಓದುಗರೊಬ್ಬರು, ಸೇಡಂ

ಉತ್ತರ: ಅರಮನೆ ಉಳಿದಿಲ್ಲವೆಂದು ಆ ಹುಡುಗನಿಗೆ ನೇರವಾಗಿ ಹೇಳಿಬಿಡಿ, ಮಾಸ್ತರರೇ. ಈಗ ನಿಂತಿರುವ ಕೋಟೆಯ ಗೋಡೆ, ಹುಡೆಗಳ (ಬುರುಜುಗಳ) ಬಹುಪಾಲು ಅಮೋಘವರ್ಷನ ವಂಶದವರಾದ ರಾಷ್ಟ್ರಕೂಟರಿಗಿಂತ ಎಷ್ಟೋ ಈಚಿನದು. ಅದನ್ನೇ ನೃಪತುಂಗನ, ಅಂದರೆ ಅಮೋಘವರ್ಷನ, ಕೋಟೆಯೆಂದು ತೋರಿಸುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ, ಅಷ್ಟೇ. ಇಂದ್ರನ ಪಟ್ಟಣವನ್ನೇ ನಾಚಿಸುವಂತಹ ನಗರವೆಂದು ತಾಮ್ರಶಾಸನಗಳು ಹೊಗಳಿದ ಮಾನ್ಯಖೇಟವನ್ನು, ಅಂದರೆ ಇಂದಿನ ಮಳಖೇಡವನ್ನು, 972ರಲ್ಲಿ, ರಾಷ್ಟ್ರಕೂಟ ದೊರೆ ಖೊಟ್ಟಿಗನ ಆಳ್ವಿಕೆಯ ಕೊನೆಗೆ, ಮಾಳವದ ಪರಮಾರ ದೊರೆ ಸೀಯಕ ಕೊಳ್ಳೆ ಹೊಡೆದನು. ಆ ಲೂಟಿಯ ವರ್ಷ ನಮಗೆ ಖಚಿತವಾಗಿ ತಿಳಿದಿರುವುದು ಒಂದು ನಿಘಂಟಿನಿಂದ ಎಂಬುದು ಮಕ್ಕಳಿಗೆ ರುಚಿಸಬಹುದಾದ ಸಂಗತಿ: ಧನಪಾಲನೆಂಬ ಕವಿ ತನ್ನ ಪ್ರಾಕೃತ ನಿಘಂಟಾದ ‘ಪಾಇಯಲಚ್ಛೀ’ಯನ್ನು, ಮಾಳವದವರು ಮಾನ್ಯಖೇಟವನ್ನು ಸೂರೆಗೈದ ವಿಕ್ರಮ ಸಂವತ್ 1029ರಲ್ಲಿ (ಅದೇ ಕ್ರಿ.ಶ. 972) ರಚಿಸಿದೆನೆಂದು ಅದರ ಕೊನೆಯಲ್ಲಿ ಬರೆದಿಟ್ಟಿದ್ದಾನೆ.

ನಡಿಗೆಯನ್ನು ಕೋಟೆಯ ಅಗಸಿಯಿಂದಲ್ಲ, ನದಿಯಿಂದ ಆರಂಭಿಸಿ. ಕಾಗಿಣಾ ಇಲ್ಲಿಂದ ಮುಂದೆ ಹರಿದು ಭೀಮೆಯನ್ನು ಸೇರುತ್ತದೆ; ನೀರಿಗೂ ರಕ್ಷಣೆಗೂ ಊರು ಇದೇ ನದಿಯನ್ನು ನೆಚ್ಚಿಕೊಂಡಿತ್ತು ಎಂಬುದು ದಂಡೆಯ ಮೇಲೆ ನಿಂತು ಕೋಟೆಯತ್ತ ತಿರುಗಿದಾಗಲೇ ಮನದಟ್ಟಾಗುತ್ತದೆ. ಅಲ್ಲಿಂದ ಉತ್ತರಾದಿ ಮಠಕ್ಕೆ ಹೋಗಬಹುದು. ಮಾಧ್ವ ಯತಿ ಅಕ್ಷೋಭ್ಯತೀರ್ಥರ ವೃಂದಾವನವಿರುವ ಈ ಮಠವನ್ನು ಜನರು ಅವರ ಶಿಷ್ಯ ಟೀಕಾರಾಯರ (ಜಯತೀರ್ಥರ) ಹೆಸರಿನೊಂದಿಗೆ ನೆನೆಯುತ್ತಾರೆ. ಹೊಳೆ ತುಂಬಿ ಬಂದ ವರ್ಷಗಳಲ್ಲಿ ಮಠದೊಳಕ್ಕೂ ನೀರು ನುಗ್ಗಿದ್ದುಂಟು.

ನೇಮಿನಾಥ ಬಸದಿಗೆ ಹೆಚ್ಚು ಹೊತ್ತು ಮೀಸಲಿಡಿ, ಏಕೆಂದರೆ ಆ ಹುಡುಗನ ಪ್ರಶ್ನೆಗೆ ಅತಿ ಹತ್ತಿರದ ಉತ್ತರ ಅದರ ಕಂಬಗಳಲ್ಲಿದೆ. ಅವುಗಳಲ್ಲಿ 9ನೆಯ ಶತಮಾನದಷ್ಟು ಹಳೆಯವೂ ಇವೆ. ಜೈನಾಚಾರ್ಯ ಜಿನಸೇನರನ್ನು ಗುರುವಾಗಿ ಗೌರವಿಸಿದ ಅಮೋಘವರ್ಷನ ರಾಜಧಾನಿಯಲ್ಲಿ ಅರಮನೆ ಅಳಿದು ಬಸದಿ ಉಳಿದಿರುವುದನ್ನು ಮಕ್ಕಳೇ ಗಮನಿಸಲಿ.

ಬಳಿಕ ಕೋಟೆ. ಗೋಡೆಯ ಹತ್ತಿರ ಹೋಗಿ ಕಲ್ಲನ್ನು ನೋಡಲು ಹೇಳಿ: ಕಟಕ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಪದರು ಪದರಾಗಿರುವ ಈ ಸುಣ್ಣಗಲ್ಲು, ಅವರ ಮನೆಯ ಅಂಗಳಕ್ಕೆ ಹಾಸಿರುವ ಶಹಾಬಾದ್ ಫರಸಿಯ ಜಾತಿಯದೇ. ಗೋಡೆಯಲ್ಲಾಗಲಿ ಓಣಿಯ ಕಟ್ಟೆಯಲ್ಲಾಗಲಿ ಸುತ್ತಲಿನ ಕಲ್ಲುಗಳಿಗೆ ಹೊಂದದ, ಹೂಬಳ್ಳಿ ಕೆತ್ತಿದ ಕಲ್ಲೊಂದು ಅಡ್ಡಲಾಗಿಯೋ ತಲೆಕೆಳಗಾಗಿಯೋ ಸೇರಿಕೊಂಡಿದ್ದರೆ, ಅದು ಮೊದಲು ಬೇರೆ ಕಟ್ಟಡದಲ್ಲಿದ್ದ ಕಲ್ಲೆಂದು ತಿಳಿಯಬೇಕು. ಅಂತಹ ಕಲ್ಲುಗಳ ಚಿತ್ರವನ್ನು ಮಕ್ಕಳಿಂದ ಬರೆಯಿಸಿ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಅವರು ಎರಡನೆಯ ಸಲ ನೋಡುವುದಿಲ್ಲ. ಕೋಟೆಯೊಳಗಿನ ಮಸೀದಿ, ಹನುಮಂತನ ಗುಡಿ, ಬಾವಿ ಈ ಮೂರನ್ನೂ ಬಿಡಬೇಡಿ, ಅವೂ ಊರಿನ ಚರಿತ್ರೆಯೇ.

ಡಿಸೆಂಬರನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮಳೆಗಾಲದಲ್ಲಿ ಹಳೆಯ ಗೋಡೆಗಳು ಕುಸಿಯುವ ಭಯವಿರುತ್ತದೆ. ಬಿರುಕು ಬಿಟ್ಟ ಹುಡೆಗಳನ್ನು ಮಾತ್ರ ಡಿಸೆಂಬರಿನಲ್ಲೂ ಹತ್ತಲು ಬಿಡಬೇಡಿ.